ಅಕ್ಕನ ಎಡಗಣ್ಣು

ಲ್ಯಾಬಿನ ಹಿಂದಿನ ಮೆಟ್ಟಿಲು,
ಮಂಗಳವಾರ, ಸಂಜೆ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಎಡಗಣ್ಣು ಹೇಗಿದೆ? ಬೆಳಿಗ್ಗೆ ಎದ್ದಾಗ ಕೆಂಪು ಜಾಸ್ತೀನಾ, ಸಂಜೆ ಹೊತ್ತಿಗಾ? ಬೆಳಕು ನೋಡಿದ್ರೆ ಈಗ್ಲೂ ಚುಚ್ಚುತ್ತಾ? ಬಲಗಣ್ಣಿನ ವಿಷಯ ಕೇಳಲ್ಲ, ಅದು ಹೋಗಿ ಎರಡು ವರ್ಷ ಆಯ್ತು, ಅದರ ಮಾತೆತ್ತಿದ್ರೆ ನೀನು ಎದ್ದು ಹೋಗ್ತೀಯ. ಭಾವನಿಗೆ ಮಂಡಿ ನೋವು ಕಮ್ಮಿ ಆಯ್ತಾ? ಇಲ್ಲಿ ಮನೇಲಿ ಎಲ್ಲರೂ ಚೆನ್ನಾಗಿದ್ದಾರೆ, ನಾನೊಬ್ಬ ಅಷ್ಟಕ್ಕಷ್ಟೆ. ನಿನಗೀಗ ಅಕ್ಷರ ಓದೋಕಾಗಲ್ಲ, ಅದಕ್ಕೆ ಕಾಗದಾನ ಬಾಯಲ್ಲೇ ಬರೀತಿದೀನಿ, ರೆಕಾರ್ಡ್ ಮಾಡಿ ವಾಟ್ಸ್ಯಾಪಲ್ಲಿ ಕಳಿಸ್ತೀನಿ. ಫೋನ್ ಮಾಡಬಹುದಿತ್ತು. ಆದ್ರೆ ಫೋನಲ್ಲಿ ನಾನು ಒಂದು ಮಾತಾಡೋದ್ರೊಳಗೆ ನೀನು ಹತ್ತು ಆಡಿರ್ತೀಯ, ಹೇಳಬೇಕಾದ್ದು ನನ್ನ ಹೊಟ್ಟೇಲೇ ಉಳ್ಕೊಳ್ಳತ್ತೆ. ನಾನು ವಾಚಾಳಿ ಅಂತ ಊರೆಲ್ಲ ಹೇಳುತ್ತೆ, ನಿನ್ನ ಮುಂದೆ ನಾನು ಮೂಗ ಅನ್ನೋದು ಊರಿಗೆ ಗೊತ್ತಿಲ್ಲ. ಇದರಲ್ಲಾದ್ರೆ ನೀನು ಮಧ್ಯ ಬಾಯಿ ಹಾಕೋ ಹಾಗಿಲ್ಲ. ಬೈಯೋದಿದ್ರೆ ಎಲ್ಲ ಕೇಳಿ ಕೊನೆಗೆ ಬೈಯಿ.

ಭಾವ ನಿನ್ನೆ ಫೋನ್ ಮಾಡಿದ್ರು. ಎಡಗಣ್ಣಿಗೂ ಉರಿಯೂತ ಏರ್ತಾ ಇದೆ, ತಡ ಮಾಡೋದು ಬೇಡ ಅಂತ ಕಣ್ಣಿನ ಡಾಕ್ಟರು ಗುರುವಾರ ಇಂಜೆಕ್ಷನ್‌ಗೆ ಬರೋಕೆ ಹೇಳಿದ್ರಂತೆ. ನೀನೇ ಆಸ್ಪತ್ರೆಗೆ ಫೋನ್ ಮಾಡಿ ಬೇಡ ಅಂದೆಯಂತೆ. 'ನನ್ನ ತಮ್ಮ ಕಣ್ಣಿಗೇ ಔಷಧಿ ಕಂಡುಹಿಡಿದಿದ್ದಾನೆ, ಅದು ಬರೋತನಕ ಕಾಯ್ತೀನಿ' ಅಂದೆಯಂತೆ. ಭಾವ ಇದನ್ನ ಹೇಳುವಾಗ ಅವರ ದನೀಲೂ ಒಂದಿಷ್ಟು ಹೆಮ್ಮೆ ಇತ್ತಕ್ಕ. ಡ್ರೈವಿಂಗ್ ಸ್ಕೂಲಿಗೆ ಬರೋರಿಗೆಲ್ಲ ಹೇಳಿದ್ದೀಯಂತೆ, ಮುಂದಿನ ವರ್ಷ ಮತ್ತೆ ಕಲಿಸೋಕೆ ಪಕ್ಕದ ಸೀಟಿಗೆ ಬರ್ತೀನಿ ಅಂತ. ಬ್ರೇಕ್ ಮೇಡಂ ವಾಪಸ್ ಬರ್ತಾರಂತೆ ಅಂದ್ರೆ ಅರ್ಧ ಜನ ಖುಷಿಪಟ್ಟಿರ್ತಾರೆ, ಇನ್ನರ್ಧ ಬೇರೆ ಸ್ಕೂಲ್ ಹುಡುಕಿರ್ತಾರೆ. ನನಗೇ ಕಲಿಸುವಾಗ ಎಷ್ಟು ಸಲ ನಿನ್ನ ಕಡೆಯ ಬ್ರೇಕ್ ತುಳಿದೆ ಅಂದ್ರೆ, ಆಮೇಲಾಮೇಲೆ ಬರೀ ನೀನು ಕಾಲು ಅಲ್ಲಾಡಿಸಿದ್ರೇ ನಾನು ಕಾರು ನಿಲ್ಲಿಸಿಬಿಡ್ತಿದ್ದೆ.

ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿದೆ ಅಂತ ನಿನ್ನನ್ನ ಹೇಗೆ ಅನ್ನಲಿ? ಬಟ್ಟೆ ತಂದುಕೊಟ್ಟೋನು ನಾನೇ. ಮೂರು ತಿಂಗಳ ಹಿಂದೆ ನಿಮ್ಮನೆ ಹಜಾರದಲ್ಲಿ ಕೂತು, ಕಾಫಿ ಆರೋವರೆಗೂ ಬಿಡದೆ ಕೊರೆದೆನಲ್ಲ, ನೆನಪಿದೆಯಾ? ಕತ್ತರಿಸಿಟ್ಟ ಸೇಬು ಕಂದಾಗಲ್ವಾ ಅಕ್ಕ, ಹಾಗೆ ಕಣ್ಣೊಳಗೂ ಆಮ್ಲಜನಕ ಮಾಡೋ ಹಾಳು ಒಂದಿರುತ್ತೆ ಅಂದೆ. ಆ ಹಾಳು ಕಂಡು ದೇಹದ ಕಾವಲು ಕಣಗಳು ಓಡಿಬಂದು, ಕಳ್ಳನ್ನ ಹಿಡಿಯೋಕೆ ಬಂದೋರೇ ಮನೆ ಬಾಗಿಲು ಕಿತ್ತ ಹಾಗೆ, ಮಾಡೋ ದಾಂಧಲೆ ಇನ್ನೊಂದು, ಅದೇ ನಿನ್ನ ಉರಿಯೂತ ಅಂದೆ. ನಮ್ಮ ಲ್ಯಾಬಲ್ಲಿ ಮಾಡಿರೋ ಔಷಧಿ, ಆ ಹಳದಿ ಪುಡಿ, ಎರಡನ್ನೂ ತಗ್ಗಿಸ್ತಿದೆ, ಇಲಿಗಳ ಕಣ್ಣಲ್ಲಿ ನಾನೇ ಎಣಿಸಿ ನೋಡಿದ್ದೀನಿ ಅಂದೆ. ಭಾವ ತಲೆ ಆಡಿಸ್ತಾ ಆಡಿಸ್ತಾ ತೂಕಡಿಸಿದ್ರು. ನೀನು ಮಾತ್ರ ಒಂದೇ ಕೇಳಿದೆ, 'ನನಗೆ ಯಾವಾಗ?' ಅಂತ. ಇಲಿಯಿಂದ ಮನುಷ್ಯರಿಗೆ ಬರೋಕೆ ವರ್ಷಗಟ್ಟಲೆ ಹಿಡಿಯುತ್ತೆ, ಬರದೇನೂ ಇರಬಹುದು ಅಂತ ಆಗ ಹೇಳಬೇಕಿತ್ತು. ನಾನು ನಕ್ಕೆ. 'ಬರುತ್ತೆ ಬಿಡಕ್ಕ' ಅಂದೆ.

ಈಗ ಬರಲ್ಲ. ಬಳಸಿ ಬಳಸಿ ಹೇಳೋದು ನನ್ನ ಜಾಯಮಾನ, ಇದೊಂದನ್ನ ನೇರವಾಗಿ ಹೇಳಿಬಿಡ್ತೀನಿ. ಔಷಧಿ ಉರಿಯೂತಕ್ಕೆ ಕೆಲಸ ಮಾಡ್ತಿಲ್ಲ.

ಹೇಗೆ ಗೊತ್ತಾಯ್ತು ಅಂತ ಕೇಳ್ತೀಯ. ನಮ್ಮಲ್ಲೊಂದು ಕ್ರಮ ಇದೆ. ಇಲಿಯ ಕಣ್ಣನ್ನ ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಕೊಯ್ದು ಗಾಜಿನ ಮೇಲೆ ಕೂರಿಸ್ತೀವಿ. ಔಷಧಿ ಹಾಕಿದ ಕಣ್ಣು ಯಾವುದು, ಬರೀ ನೀರು ಹಾಕಿದ್ದು ಯಾವುದು ಅಂತ ಎಣಿಸೋನಿಗೆ ಗೊತ್ತಾಗಬಾರದು, ಅದಕ್ಕೆ ಬೇರೆಯವರು ಗಾಜಿನ ಚೀಟಿ ಮೇಲೆ ಕಪ್ಪು ಟೇಪ್ ಅಂಟಿಸಿಟ್ಟಿರ್ತಾರೆ. ಎಣಿಸೋನು ನಾನು. ಬೆಳಗಿಂದ ಸಂಜೆತನಕ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು, ಕಾವಲು ಕಣ ಒಂದೊಂದು ಕಂಡಾಗಲೂ ಕೈಯಲ್ಲಿರೋ ಗುಂಡಿ ಟಿಕ್ ಟಿಕ್ ಒತ್ತೋದು. ಕಣ ಅಂದ್ರೆ ರಾಗಿ ಕಾಳಿನ ಹಾಗೆ ಬಿಡಿಬಿಡಿಯಾಗಿ ಕೂತಿರಲ್ಲ. ಒಂದರ ಮೇಲೊಂದು ಒರಗಿರುತ್ತೆ, ಅರ್ಧ ತುಂಡಾಗಿರುತ್ತೆ. ಇದು ಲೆಕ್ಕಕ್ಕಾ ಅಲ್ವಾ ಅಂತ ಒಂದು ಕ್ಷಣ ಕೈ ತಡೆಯುತ್ತೆ. ಆ ಒಂದು ಕ್ಷಣದಲ್ಲೇ ಎಲ್ಲ ಆಗಿರೋದು.

ಔಷಧಿ ಹಳದಿ ಅಂದೆನಲ್ಲ. ಎಷ್ಟು ತೊಳೆದರೂ ಅದರ ಒಂದು ಛಾಯೆ ಗಾಜಲ್ಲಿ ಉಳಿದಿತ್ತು. ಅಂಚಲ್ಲಿ, ಹಳೇ ಪೇಪರಿನ ಬಣ್ಣದಷ್ಟು, ಅಷ್ಟೇ. ಟೇಪ್ ಅಂಟಿಸಿದೋರಿಗೆ ಕಂಡಿಲ್ಲ, ಲ್ಯಾಬ್ ನಡೆಸೋ ದೊಡ್ಡ ಸರ್‌ಗೆ ಕಂಡಿಲ್ಲ. ನನ್ನ ಕಣ್ಣಿಗೆ ಕಂಡಿತ್ತು ಅಂತ ನನಗೂ ಗೊತ್ತಿರಲಿಲ್ಲ. ಸುಳ್ಳು ಲೆಕ್ಕ ಬರೀಲಿಲ್ಲ ಅಕ್ಕ, ಆಣೆ ಮಾಡಿ ಹೇಳ್ತೀನಿ. ಹಳದಿ ಅಂಚಿದ್ದ ಗಾಜಲ್ಲಿ ಅನುಮಾನ ಬಂದಾಗ ಇದು ಕಣ ಅಲ್ಲ ಬಿಡು ಅಂತ ಬೆರಳು ಸುಮ್ಮನಾಯ್ತು. ಬೇರೆ ಗಾಜಲ್ಲಿ ಅಂಥದ್ದೇ ಕಂಡಾಗ ಒತ್ತಿತು. ಗಾಜಿಗೊಂದಿಷ್ಟು ಹಾಗೆ. ನೂರಾರು ಗಾಜು ಸೇರಿದಾಗ, ಔಷಧಿ ಹಾಕಿದ ಕಣ್ಣಲ್ಲಿ ಕಣವೇ ಕಮ್ಮಿ ಅನ್ನೋ ಪವಾಡ ಆಗ್ಹೋಯ್ತು.

ಸಿಕ್ಕಿಬಿದ್ದಿದ್ದು ಹೋದ ವಾರ. ನಮ್ಮ ಲ್ಯಾಬಲ್ಲಿ ಕ್ಯಾಮೆರಾ ನೋಡ್ಕೊಳ್ಳೋ ವಿಜ್ಞಾನಿ ಒಬ್ಬರಿದ್ದಾರೆ, ನಾವು ಫೋಟೋ ಮೇಡಂ ಅಂತೀವಿ. ನನ್ನಷ್ಟೇ ವರ್ಷ ಇಲ್ಲಿ ಸವೆಸಿದೋರು. ಪ್ರಕಟಣೆಗೆ ಚಿತ್ರ ಬೇಕು ಅಂತ ಎಲ್ಲ ಗಾಜನ್ನೂ ಕಪ್ಪು ಬಿಳುಪಲ್ಲಿ ತೆಗೆದ್ರು, ಅದರಲ್ಲಿ ಹಳದಿ ಕಾಣಲ್ಲ. ತೆಗೆದವರು ಸುಮ್ಮನಿರದೆ ಎಣಿಸಿದ್ರು. ಔಷಧಿ ಹಾಕಿದ್ದು, ನೀರು ಹಾಕಿದ್ದು, ಎರಡರಲ್ಲೂ ಒಂದೇ ಲೆಕ್ಕ. ತಾವು ತಪ್ಪಿರಬೇಕು ಅಂತ ಮತ್ತೆ ಎಣಿಸಿದ್ರಂತೆ. ಆಮೇಲೆ ನನ್ನನ್ನ ಕರೆದು ಔಷಧಿಯ ಒಂದು ಗಾಜು ಬೆಳಕಿಗೆ ಹಿಡಿದು ಅಂಚು ತೋರಿಸಿದ್ರು. 'ಕಾಮಾಲೆ ಕಣ್ಣಿಗೆ ಕಂಡಿದ್ದೆಲ್ಲ ಹಳದಿ ಅಂತಾರೆ ಸರ್, ನಿಮ್ಮದು ಉಲ್ಟಾ, ಹಳದಿ ಕಂಡಿದ್ದೆಲ್ಲ ವಾಸಿ' ಅಂದ್ರು. ನಗಿಸೋಕೆ ಹೇಳಿದ್ದು, ಇಬ್ಬರೂ ನಗಲಿಲ್ಲ. ಆಮೇಲೆ ಮೆಲ್ಲಗೆ, 'ಮನೇಲಿ ಯಾರಿಗಾದ್ರೂ ಈ ಕಾಯಿಲೆ ಇದೆಯಾ?' ಅಂತ ಕೇಳಿದ್ರು. ಅಕ್ಕನಿಗೆ ಅಂದೆ. ಇಷ್ಟು ವರ್ಷ ಜೊತೇಲಿ ಕೆಲಸ ಮಾಡಿ ಒಂದು ದಿನವೂ ನಾನು ಬಾಯಿ ಬಿಟ್ಟಿರಲಿಲ್ಲ. ಊರ ಕಥೆಯೆಲ್ಲ ಆಡಿದ್ದೀನಿ ಅವರ ಹತ್ರ, ನಿನ್ನ ಕಣ್ಣೊಂದು ಬಿಟ್ಟು.

ದೊಡ್ಡ ಸರ್‌ಗೆ ಹೇಳಿದ್ವಿ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ರು. ಪ್ರಕಟಣೆಗೆ ಕಳಿಸಿದ್ದ ಲೇಖನ ವಾಪಸ್ ತಗೊಂಡ್ರು. ಎಣಿಸೋ ಕೆಲಸದಿಂದ ನನ್ನನ್ನ ಬಿಡಿಸಿದ್ರು, ಅದು ಸರಿಯಾಗೇ ಇದೆ. ಪೂರ್ತಿ ಮುಳುಗಿಲ್ಲ ಅನ್ನು. ಆಮ್ಲಜನಕ ಮಾಡೋ ಹಾಳನ್ನ ನಮ್ಮ ಪುಡಿ ನಿಜವಾಗ್ಲೂ ತಗ್ಗಿಸುತ್ತೆ, ಅದನ್ನ ಅಳೆದಿದ್ದು ಯಂತ್ರ, ಯಂತ್ರಕ್ಕೆ ಅಕ್ಕ ಇಲ್ಲ. ಆದ್ರೆ ನಿನ್ನ ಕಣ್ಣನ್ನ ತಿಂತಿರೋದು ಎರಡನೇದು, ಆ ದಾಂಧಲೆ. ಅದರ ಕೂದಲೂ ಕೊಂಕಿಲ್ಲ.

ಇಂಜೆಕ್ಷನ್ ಅಂದ್ರೆ ನಿನಗ್ಯಾಕೆ ಭಯ ಅಂತ ನನಗೆ ಗೊತ್ತಿಲ್ವಾ? ಬಲಗಣ್ಣಿಗೂ ಅದನ್ನೇ ಕೊಟ್ಟಿದ್ರು. ಉರಿಯೂತ ಇಳೀತು, ಒಳಗೆ ಒತ್ತಡ ಏರಿತು, ನಮಗೆ ತಿಳಿಯೋ ಹೊತ್ತಿಗೆ ನರ ಸತ್ತುಹೋಗಿತ್ತು. 'ರೋಗ ತಿಂದಿದ್ರೆ ಹಣೆಬರಹ ಅಂತಿದ್ದೆ, ಮದ್ದೇ ತಿಂದ್ರೆ ಯಾರಿಗೆ ಹೇಳಲಿ' ಅಂದೆ ನೀನು ಅವತ್ತು. ಅತ್ತ ದರಿ ಇತ್ತ ಪುಲಿ ಅಂತೀಯ, ಹೌದು. ಆದ್ರೆ ಈ ಡಾಕ್ಟರ ಹತ್ರ ಮಧ್ಯಾಹ್ನ ನಾನೇ ಮಾತಾಡಿದೆ. ವಾರ ವಾರ ಒತ್ತಡ ಅಳೀತೀನಿ, ಏರಿದ ದಿನವೇ ಅದನ್ನ ಇಳಿಸೋ ಹನಿ ಶುರು ಮಾಡ್ತೀನಿ ಅಂದ್ರು. ಸುಮ್ಮನೆ ಕಾದ್ರೆ ಕಣ್ಣು ಎಷ್ಟು ದಿನ ಉಳಿಯುತ್ತೆ ಅಂತ ಕೇಳಿದೆ. ಅವರು ತಿಂಗಳ ಲೆಕ್ಕದಲ್ಲಿ ಮಾತಾಡಿದ್ರು ಅಕ್ಕ, ವರ್ಷದ ಲೆಕ್ಕದಲ್ಲಲ್ಲ. ಒತ್ತಡ ಮತ್ತೆ ಏರಲ್ಲ ಅಂತ ನಾನು ಮಾತು ಕೊಡೋಕಾಗಲ್ಲ. ಇನ್ಮೇಲೆ ನಿನ್ನ ಕಣ್ಣಿನ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದನ್ನ ಗೊತ್ತು ಅಂತ ಹೇಳಲ್ಲ.

ಕತ್ತಲಾಗ್ತಿದೆ, ಕಾವಲಿನೋರು ಬಂದು ಎರಡು ಸಲ ಇಣುಕಿ ಹೋದ್ರು. ಒಬ್ಬನೇ ಕೂತು ಫೋನಿಗೆ ಕಥೆ ಹೇಳ್ತಿರೋದು ನೋಡಿ ಏನಂದ್ಕೊಂಡ್ರೋ. ನನ್ನ ಹೆಂಡತಿ ನಿನ್ನನ್ನ ಕೇಳಿದೆ ಅಂತ ಹೇಳು ಅಂದಿದ್ದಾಳೆ. ಭಾವನಿಗೆ ನನ್ನ ನಮಸ್ಕಾರ. ಅವರ ಮೇಲೆ ಸಿಟ್ಟಾಗಬೇಡ, ನನಗೆ ಹೇಳಿದ್ದು ಒಳ್ಳೇದೇ ಆಯ್ತು. ನಿನ್ನ ಕಾಲು ಮುಟ್ಟಿದೀನಿ ಅಂದ್ಕೋ.

ನಿನ್ನ ಬಾಯಿಬಡುಕ ತಮ್ಮ

ಮರೆತಿದ್ದು:

ಅಕ್ಕಾ, ಮತ್ತೆ ನಾನೇ. ಬಸ್ ನಿಲ್ದಾಣದಲ್ಲಿದ್ದೀನಿ, ಗಲಾಟೆ ಇದೆ, ಕೇಳಿಸುತ್ತೆ ತಾನೆ? ಮುಖ್ಯವಾದ್ದೇ ಹೇಳದೆ ಕಾಲು ಮುಟ್ಟಿ ಮುಗಿಸಿಬಿಟ್ಟೆ. ಗುರುವಾರದ ನಿನ್ನ ಸಮಯ ಇನ್ನೂ ಯಾರಿಗೂ ಕೊಟ್ಟಿಲ್ಲ. ನಾಳೆ ಮಧ್ಯಾಹ್ನದ ತನಕ ಹಿಡಿದಿಡ್ತೀವಿ, ಆದ್ರೆ ಬರ್ತೀನಿ ಅಂತ ಪೇಷಂಟೇ ಹೇಳಬೇಕು ಅಂದ್ರು ಆಸ್ಪತ್ರೆಯೋರು. ಭಾವ ಹೇಳಿದ್ರೂ ನಡೆಯಲ್ಲ, ನಾನು ಹೇಳಿದ್ರೂ ನಡೆಯಲ್ಲ. ನಾನು ಬೆಳಿಗ್ಗೆ ನಿಮ್ಮನೆ ಬಾಗಿಲಲ್ಲಿ ಇರ್ತೀನಿ. ನಿನ್ನನ್ನ ಹೊತ್ತುಕೊಂಡು ಹೋಗೋಕಲ್ಲ. ನೀನು ಹ್ಞೂಂ ಅಂದ್ರೆ ಆಮೇಲೆ ಪ್ರತಿ ವಾರ ಒತ್ತಡ ಅಳೆಸೋಕೆ ಜೊತೆಗೆ ಬರೋಕೆ, ರಜೆ ಹಾಕಿದೀನಿ. ನೀನು ಊಹ್ಞೂಂ ಅಂದ್ರೂ ಬರ್ತೀನಿ, ಬೈಸ್ಕೊಳ್ಳೋಕೆ.

ಮೊದಲನೇದನ್ನ ಕೇಳಿದ್ದೀಯ ಅಂತ ನೀಲಿ ಗುರುತು ಬಂದಿದೆ. ಆಗಲೇ ಬಂದಿದೆ. ನೀನು ಇಷ್ಟು ಹೊತ್ತು ಸುಮ್ಮನಿದ್ದಿದ್ದು ನಾನು ಹುಟ್ಟಿದಾಗಿಂದ ನೋಡಿಲ್ಲ ಅಕ್ಕ. ಬಸ್ಸಿಗೆ ಹತ್ತು ಅಂತ ಕೂಗ್ತಿದ್ದಾರೆ, ನಾನಿನ್ನೂ ಹತ್ತಿಲ್ಲ. ಏನಾದ್ರೂ ಅನ್ನು, ಯಾವ ಮುಖ ಇಟ್ಕೊಂಡು ಬರ್ತೀಯ ಅಂತಾದ್ರೂ...

ತಡಿ. ನೀನು ರೆಕಾರ್ಡ್ ಮಾಡ್ತಿದೀಯ ಅಂತ ಮೇಲೆ ಬರ್ತಿದೆ. ಹೇಳಕ್ಕ, ನಾನು ಸುಮ್ಮನಿರ್ತೀನಿ.