ಸೀತಕ್ಕನ ಪೆಟ್ಟಿಗೆಗೆ ಹದಿನಾಲ್ಕು ತೂತು

ಮಾನ್ಯ ಸೌರ ಯೋಜನೆಗಳ ಅನುಷ್ಠಾನಾಧಿಕಾರಿಗಳೇ,

ಅಪರಾಧಿಯ ಪರವಾಗಿ ಬರೆಯುತ್ತಿದ್ದೇನೆ. ಅಪರಾಧಿಯ ಹೆಸರು ಸೀತು, ವಯಸ್ಸು ಅರವತ್ತೆರಡು, ಊರು ಶಿರೂರು, ಕೆಲಸ ಮೀನು ಒಣಗಿಸಿ ಮಾರುವುದು. ಅಪರಾಧವೇನೆಂದರೆ, ತಾವು ನೀರು ಕಾಯಿಸಲೆಂದು ಮಂಜೂರು ಮಾಡಿದ ಬಿಸಿಲಿನಲ್ಲಿ ಅವಳು ಸೆಟ್ಲಿ ಒಣಗಿಸಿದ್ದಾಳೆ. ಸೆಟ್ಲಿ ಎಂದರೆ ತಮ್ಮ ಕಡತದ ಭಾಷೆಯಲ್ಲಿ ಸಿಗಡಿ. ಸೌರ ಜಲತಾಪಕವನ್ನು ಈ ಜನವರಿ ಮೂವತ್ತೊಂದರೊಳಗೆ "ಮೂಲಸ್ಥಿತಿಯಲ್ಲಿ" ಹಿಂದಿರುಗಿಸದಿದ್ದರೆ ಜಪ್ತಿ ಮಾಡುವುದಾಗಿಯೂ, ಮುಂದಿನ ಯಾವ ಯೋಜನೆಯಲ್ಲೂ ಅವಳ ಹೆಸರು ಸೇರಿಸಲಾಗದೆಂದೂ ನಿಮ್ಮ ಕಚೇರಿಯ ನೋಟಿಸು ಹೇಳುತ್ತದೆ. ಅದಕ್ಕೆ ಎರಡು ಸಲ ಅಂಚೆಯಲ್ಲಿ ಉತ್ತರ ಕಳಿಸಿದೆವು. ತಾವು ಕಿವಿಗೆ ಹಾಕಿಕೊಳ್ಳಲಿಲ್ಲ. ಹಾಗಾಗಿ ಮೂರನೆಯದನ್ನು ಊರಿಗೆಲ್ಲ ಕೇಳುವಂತೆ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ಮೊದಲು ಈ ಮೂಲಸ್ಥಿತಿಯ ವಿಚಾರ ಇತ್ಯರ್ಥವಾಗಲಿ. ಯಾವ ಮೂಲಸ್ಥಿತಿ ಸ್ವಾಮಿ? ಮೂರು ವರ್ಷದ ಹಿಂದೆ ನಮ್ಮ ಕಡಲತೀರದ ಇಪ್ಪತ್ತಮೂರು ಮನೆಗಳಿಗೆ ತಾವು ಜಲತಾಪಕ ಕೊಟ್ಟಿರಿ. ಒಂದು ಪೆಟ್ಟಿಗೆ, ಅದಕ್ಕೆ ಮೇಲೆ ಗಾಜು, ಒಳಗೆ ಕಪ್ಪು ತಗಡು, ತಗಡಿಗೆ ಅಂಟಿಕೊಂಡ ಕೊಳವೆಗಳು, ಪಕ್ಕದಲ್ಲೊಂದು ಟ್ಯಾಂಕು. ನಮ್ಮ ಹಂಚಿನ ಮಾಡು ಅಷ್ಟು ಭಾರ ತಾಳುವುದಿಲ್ಲವೆಂದು ಅಂಗಳದಲ್ಲೇ ಕಬ್ಬಿಣದ ಕಾಲು ಕೊಟ್ಟು ನಿಲ್ಲಿಸಿದಿರಿ. ಅದೇ ಸಮಯಕ್ಕೆ ಸೀತಕ್ಕ ನಿಮ್ಮವರಿಗೆ ಹೇಳಿದ್ದಳು, "ನಮ್ ಬಾವಿ ನೀರ್ ಉಪ್ಪ್ ಮಾರಾಯ್ರೆ, ಇದ್ರ್ ಹೊಟ್ಟಿಗ್ ಆತಿಲ್ಲೆ" ಎಂದು. ಉಪ್ಪು ನೀರಿಗೂ ಸಿಹಿ ನೀರಿಗೂ ಸೂರ್ಯ ಭೇದ ಮಾಡುವುದಿಲ್ಲವೆಂದು ಅವರು ಭಾಷಣ ಮಾಡಿದರು. ಸೂರ್ಯ ಮಾಡಲಿಲ್ಲ, ನಿಜ. ಕೊಳವೆ ಮಾಡಿತು. ನಾಲ್ಕು ತಿಂಗಳಲ್ಲಿ ಇಪ್ಪತ್ತಮೂರಕ್ಕೆ ಇಪ್ಪತ್ತಮೂರೂ ಉಪ್ಪು ಕಟ್ಟಿ ಕೂತವು. ರಿಪೇರಿಗೆ ಕೊಟ್ಟ ನಂಬರಿಗೆ ಫೋನು ಮಾಡಿದರೆ ಒಬ್ಬ ಪುಣ್ಯಾತ್ಮ ಎತ್ತಿ, "ಇದು ಸ್ವೀಟ್ ಅಂಗಡಿ" ಎನ್ನುತ್ತಿದ್ದ. ಕೊನೆಕೊನೆಗೆ ಅವನಿಗೂ ನಮಗೂ ಪರಿಚಯವಾಗಿ ಮೀನು ಬಿದ್ದ ಸುದ್ದಿ ಕೇಳುತ್ತಿದ್ದ. ಟ್ಯಾಂಕಿನ ಮೇಲೆ ಕೋಳಿ ಕೂರತೊಡಗಿತು. ಕೋಳಿಗೆ ಮಾತ್ರ ನೋಟಿಸು ಬಂದಿಲ್ಲ.

ಈಗ ಮಳೆಯ ವಿಷಯಕ್ಕೆ ಬರುತ್ತೇನೆ. ಒಣಮೀನಿನವರಿಗೆ ಬಿಸಿಲೇ ಬಂಡವಾಳ. ಮರಳಿನ ಮೇಲೆ ಹಳೇ ಬಲೆ ಹಾಸಿ, ಮೀನು ಹರವಿ, ಕಾಗೆ ಓಡಿಸುತ್ತ ಕೂತರೆ ಎರಡು ಮೂರು ದಿನದಲ್ಲಿ ಕೆಲಸ ಮುಗಿಯುತ್ತದೆ. ನವರಾತ್ರಿ ಕಳೆದರೆ ಮತ್ತೆ ಮಳೆಗಾಲದ ತನಕ ಆಕಾಶ ನೋಡುವ ಅಗತ್ಯವೇ ಇರಲಿಲ್ಲ ಎಂದು ನನ್ನ ಅತ್ತೆ ಹೇಳುತ್ತಿದ್ದರು. ಈಗ ಡಿಸೆಂಬರಿನಲ್ಲೂ ಸುರಿಯುತ್ತದೆ, ಮಾರ್ಚಿನಲ್ಲೂ ಸುರಿಯುತ್ತದೆ, ಅದೂ ಹೇಳದೆ ಕೇಳದೆ. ಹೋದ ವರ್ಷಕ್ಕೆ ಮೊದಲಿನ ಚಳಿಗಾಲದಲ್ಲಿ ಸೀತಕ್ಕ ಬೈಂದೂರಿಗೆ ಒಣಮೀನು ಮಾರಲು ಹೋದ ಹೊತ್ತಿಗೆ ಒಂದು ಮಳೆ ಬಂತು. ಅವಳು ಬಸ್ಸಿಳಿದು ಓಡಿ ಬರುವಷ್ಟರಲ್ಲಿ ಮರಳಿನ ಮೇಲೆ ಹರವಿದ್ದೆಲ್ಲ ನೀರಲ್ಲಿ ತೇಲುತ್ತಿತ್ತು. ಮರುದಿನ ವಾಸನೆ ತಡೆಯಲಾಗದೆ ಮರಳಿನಲ್ಲಿ ಗುಂಡಿ ತೋಡಿ ಹುಗಿದಳು. ನಾವು ನಾಲ್ಕು ಜನ ಸಹಾಯಕ್ಕೆ ಹೋದರೆ, "ನೀವ್ ಹೋಯ್ನಿ, ಇದ್ ನನ್ ಕೆಲ್ಸ" ಎಂದು ಬೆನ್ನು ತಿರುಗಿಸಿದಳು. ಅವಳು ಅಳುವುದನ್ನು ಯಾರೂ ನೋಡಬಾರದಿತ್ತು. ನಾನು ನೋಡಿದೆ.

ಅದೇ ತಿಂಗಳು ಹವಾಮಾನ ಬದಲಾವಣೆಯ ಕ್ರಿಯಾ ಯೋಜನೆಗೆ ಸಾರ್ವಜನಿಕರ ಅಭಿಪ್ರಾಯ ಬೇಕೆಂದು ತಾವು ನಮ್ಮನ್ನು ಕುಂದಾಪುರಕ್ಕೆ ಕರೆಸಿಕೊಂಡಿರಿ. ಸಭಾಂಗಣದಲ್ಲಿ ಎಂಥ ಏಸಿ ಎಂದರೆ ಇಡೀ ಭೂಮಿಯನ್ನು ಅಲ್ಲೇ ತಣ್ಣಗೆ ಮಾಡಿ ಮುಗಿಸುವ ಆತುರ ಕಾಣುತ್ತಿತ್ತು. ನಡುವೆ ಕರೆಂಟು ಹೋದಾಗ ಹೊರಗೆ ಡೀಸೆಲ್ ಜನರೇಟರ್ ಗುಡುಗಿತು, ಒಳಗೆ ಶುದ್ಧ ಇಂಧನದ ಭಾಷಣ ಮುಂದುವರಿಯಿತು. ನಾವು ಸೆರಗು ಹೊದ್ದು ನಡುಗುತ್ತ ಕೇಳಿದೆವು. ಆಮೇಲೆ ತಾವೇ ಮೈಕು ಹಿಡಿದು ಸೀತಕ್ಕನ ಕಡೆ ಬಂದು, "ಹವಾಮಾನ ಬದಲಾವಣೆ ಅಂದರೆ ಏನು ಅಂತ ಗೊತ್ತಾ ಅಮ್ಮ?" ಎಂದಿರಿ.

"ಹೆಸ್ರ್ ಗೊತ್ತಿಲ್ಲೆ ಸಾರ್," ಎಂದಳು ಸೀತಕ್ಕ. "ದೀಪಾವಳಿ ಕಳ್ದ್ ತಿಂಗ್ಳ್ ಆಯ್ತ್, ಮಳಿ ಇನ್ನೂ ಬಪ್ಪುದ್ ಬಿಡ್ಲಿಲ್ಲೆ. ಅದ್ ಗೊತ್ತಿತ್ತ್. ಮಳಿ ಬಂದ್ರೂ ಮೀನ್ ಒಣ್ಗುವಂಗೆ ಎಂತಾರೂ ಮಾಡಿ ಕೊಡ್ತ್ರಿಯಾ?"

ಸಭೆ ನಕ್ಕಿತು, ತಾವೂ ನಕ್ಕಿರಿ. ಸೌರ ಒಣಗಿಸುವ ಘಟಕಕ್ಕೆ ಅರ್ಜಿ ಕೊಡಿ ಎಂದಿರಿ. ಕೊಟ್ಟೆವು. ಮೀನು ನಮ್ಮ ವ್ಯಾಪ್ತಿಯಲ್ಲಿಲ್ಲ ಎಂದು ನಿಮ್ಮ ಕಚೇರಿ ಬರೆಯಿತು. ಮೀನಿನ ಕಡತ ನೋಡುವ ಇನ್ನೊಂದು ಕಚೇರಿಗೆ ಹೋದರೆ ಬಿಸಿಲು ತಮ್ಮ ವ್ಯಾಪ್ತಿಯಲ್ಲಿಲ್ಲ ಎಂದು ಅವರು ಬರೆದರು. ಮೀನನ್ನು ಬಿಸಿಲಿನಲ್ಲಿ ಇಡುವ ವ್ಯಾಪ್ತಿ ಯಾರದ್ದೆಂದು ತಿಳಿಯಲು ನಾವು ಯಾರನ್ನು ಕಾಣಬೇಕಿತ್ತೋ ಇವತ್ತಿಗೂ ಅರ್ಥವಾಗಿಲ್ಲ. ಕ್ರಿಯಾ ಯೋಜನೆಯ ಪುಸ್ತಕ ಅಚ್ಚಾಗಿ ಬಂತು. ಹೊಳೆಯುವ ಕಾಗದ. ಕರಾವಳಿಯ ಮಹಿಳೆಯರಿಗೆ ಸೌರ ಒಣಗಿಸುವಿಕೆ ಎಂದು ಒಂದು ಸಾಲು ಅದರಲ್ಲಿದೆ, ಎದುರಿಗೆ "ಎರಡನೇ ಹಂತ" ಎಂದಿದೆ. ಮಳೆಗೆ ಮಾತ್ರ ಹಂತಗಳ ಬಗ್ಗೆ ಯಾರೂ ತಿಳಿಸಿದಂತಿಲ್ಲ.

ಇಷ್ಟಾದ ಮೇಲೆ ಹೋದ ಅಕ್ಟೋಬರಿನಲ್ಲಿ ಅಪರಾಧ ನಡೆಯಿತು. ಕಾಗೆಯ ಕಾಟಕ್ಕೆ ಸೀತಕ್ಕ ಒಂದು ಹಿಡಿ ಸೆಟ್ಲಿಯನ್ನು ಜಲತಾಪಕದ ಗಾಜಿನ ಮೇಲಿಟ್ಟು ಬುಟ್ಟಿ ಮುಚ್ಚಿದ್ದಳು. ಮಧ್ಯಾಹ್ನ ತೆಗೆದು ನೋಡಿದರೆ ಮರಳಿನ ಮೇಲಿದ್ದದ್ದಕ್ಕಿಂತ ಬೇಗ ಒಣಗಿತ್ತು. ಗಾಜಿನ ಮೇಲೇ ಹೀಗಾದರೆ ಗಾಜಿನ ಕೆಳಗೆ ಹೇಗೆ ಎಂದು ಅವಳಿಗೆ ಹೊಳೆಯಿತು. ಹಂಗಾರಕಟ್ಟೆಯಲ್ಲಿ ದೋಣಿ ಕಟ್ಟುವ ತಮ್ಮ ಗಣಪನಿಗೆ ಹೇಳಿ ಕಳಿಸಿದಳು. ಅವನು ಬಂದು, ಗಾಜು ಬಿಚ್ಚಿ, ಪೆಟ್ಟಿಗೆಯನ್ನು ಕಾಲಿನಿಂದ ಇಳಿಸಿ ತುಸು ಓರೆಯಾಗಿ ನೆಲಕ್ಕೆ ಮಲಗಿಸಿ, ತಗಡಿನ ಮೇಲೆ ಬಲೆಯ ತುಂಡು ಹಾಸಿ, ಸೆಟ್ಲಿ ಹರವಿ, ಮತ್ತೆ ಗಾಜು ಮುಚ್ಚಿದ. ಮೊದಲ ಸಲ ಕೆಲಸ ಕೆಟ್ಟಿತು. ಗಾಜೆಲ್ಲ ಬೆವರಿ ಸೆಟ್ಲಿ ಒಣಗುವ ಬದಲು ಬೆಂದುಹೋಯಿತು.

"ಅಕ್ಕಾ, ಇದ್ರ್ ಬೆವ್ರ್ ಹೊರ್ಗ್ ಹೋಯ್ಕ್," ಎಂದ ಗಣಪ. "ಗಾಳಿ ಕೆಳ್ಗಿಂದ ಬಂದ್ ಮೇಲಿಂದ ಹೋಪಂಗೆ ತೂತ್ ಹಾಕ್ತೆ."

"ಸರ್ಕಾರದ್ ಸಾಮಾನ್ ಮಾರಾಯ. ಎಂತಾರೂ ಹೇಳುರಾ?"

"ಹಾಳಾದ್ ಸಾಮಾನಿಗ್ ಎಂತ ಹೇಳ್ತ್ರ್? ಕೋಳಿ ಇದ್ರ್ ಮೇಲ್ ಕೂತ್ ಹೇಲ್ತಿಪ್ಪತಿಗ್ ಯಾರೂ ಬರ್ಲಿಲ್ಲೆ."

ಜೀವಮಾನವಿಡೀ ದೋಣಿಯ ತೂತು ಮುಚ್ಚಿ ಬದುಕಿದವನು ಅಂದು ಕೈಯಾರೆ ಹದಿನಾಲ್ಕು ತೂತು ಕೊರೆದ. ಕೆಳಬದಿಗೆ ಏಳು, ಮೇಲ್ಬದಿಗೆ ಏಳು. ನೊಣ ಹೋಗದಂತೆ ಸೊಳ್ಳೆಪರದೆಯ ತುಂಡು ಬಡಿದ. ಒಂದು ಸಲಕ್ಕೆ ಎರಡು ಬುಟ್ಟಿ, ಒಂದೂವರೆ ದಿನದಲ್ಲಿ ಒಣಗಿ ಗಲಗಲ ಎನ್ನುವ ಸೆಟ್ಲಿ, ಮರಳಿನ ಒಂದು ಕಣವಿಲ್ಲ. ಮುಂದಿನ ವಾರ ಮೂರು ಗಂಟೆಗೆ ದಿಢೀರೆಂದು ಮಳೆ ಬಂದಾಗ ನಾವೆಲ್ಲ ಟರ್ಪಾಲು ಹಿಡಿದು ಮರಳಿನಲ್ಲಿ ಎದ್ದುಬಿದ್ದು ಓಡುತ್ತಿದ್ದೆವು. ಸೀತಕ್ಕ ತೂತುಗಳ ಮೇಲೆ ಒಂದು ಗೋಣಿ ಎಳೆದು ಜಗಲಿಯಲ್ಲಿ ಎಲೆಯಡಿಕೆ ಹಾಕುತ್ತ ಕೂತಿದ್ದಳು. ನನ್ನನ್ನು ಕಂಡು, "ಬರ್ಲಿ ಸರೋಜ, ಬಪ್ಪುದೆಲ್ಲ ಬಂದ್ ಹೋಯ್ಲಿ" ಎಂದಳು. ಎಷ್ಟೋ ವರ್ಷದಿಂದ ಅವಳ ಮುಖದಲ್ಲಿ ಅಂಥ ಜಂಬ ನಾನು ಕಂಡಿರಲಿಲ್ಲ. ಮರುದಿನವೇ ಉಳಿದ ಇಪ್ಪತ್ತೆರಡು ಮನೆಯವರು ಗಣಪನನ್ನು ಹಿಡಿದುಕೊಂಡರು.

ಅಷ್ಟರಲ್ಲಿ ನಿಮ್ಮ ಪರಿವೀಕ್ಷಕರು ಬಂದರು. ಎರಡು ವರ್ಷ ಕರೆದಾಗ ಬಾರದವರು ಯಾರೂ ಕರೆಯದಾಗ ಬಂದರು. ಸೀತಕ್ಕ ಸಂಭ್ರಮದಿಂದ ಪೆಟ್ಟಿಗೆ ತೋರಿಸಿ, "ಉಣ್ಕಂಡ್ ಹೋಯ್ಕ್ ಮಗಾ" ಎಂದು ಕೂರಿಸಿ ಸೆಟ್ಲಿ ಚಟ್ನಿ ಹಾಕಿ ಗಂಜಿ ಬಡಿಸಿದಳು. ಅವರು ಚಟ್ನಿಯನ್ನು ಎರಡು ಸಲ ಹಾಕಿಸಿಕೊಂಡರು. ಕೈ ತೊಳೆದು ಫೋಟೋ ತೆಗೆದರು. ಹತ್ತನೇ ದಿನಕ್ಕೆ ನೋಟಿಸು ಬಂತು. ಅದರಲ್ಲಿ "ಅನಧಿಕೃತ ಮತ್ಸ್ಯ ಶುಷ್ಕೀಕರಣ" ಎಂಬ ಮಾತಿದೆ. ನಾವು ಮಾಡುವ ಕೆಲಸಕ್ಕೆ ಇಷ್ಟು ಘನವಾದ ಹೆಸರಿದೆಯೆಂದು ನಮಗಾರಿಗೂ ಗೊತ್ತಿರಲಿಲ್ಲ. "ಉಪಕರಣಕ್ಕೆ ಹದಿನಾಲ್ಕು ರಂಧ್ರಗಳನ್ನು ಕೊರೆದು ವಿರೂಪಗೊಳಿಸಿರುವುದು" ಎಂದೂ ಇದೆ. ಎಣಿಕೆ ಸರಿಯಾಗಿದೆ, ಅದಕ್ಕೆ ಅಭಿನಂದನೆ. ಸಾಕ್ಷ್ಯದ ಒಂದು ಭಾಗವನ್ನು ಪರಿವೀಕ್ಷಕರೇ ಉಂಡಿದ್ದಾರೆಂಬ ವಿವರ ಮಾತ್ರ ಬಿಟ್ಟುಹೋಗಿದೆ.

ಇದು ಇಲ್ಲಿಗೇ ನಿಂತಿದ್ದರೆ ನಾನು ಪತ್ರಿಕೆಯವರೆಗೆ ಬರುತ್ತಿರಲಿಲ್ಲವೇನೋ. ಈ ತಿಂಗಳ ಮೊದಲ ವಾರ ಕುಂದಾಪುರದಲ್ಲಿ ನಿಮ್ಮ ಶುದ್ಧ ಇಂಧನ ಪ್ರದರ್ಶನ ನಡೆಯಿತಲ್ಲ, ನೋಟಿಸಿನ ವಿಷಯ ಮಾತಾಡಲು ತಾವು ಸಿಗಬಹುದೆಂದು ನಾನೂ ಸೀತಕ್ಕನೂ ಹೋಗಿದ್ದೆವು. ತಾವು ಸಿಗಲಿಲ್ಲ, ಸೀತಕ್ಕನ ಪೆಟ್ಟಿಗೆ ಸಿಕ್ಕಿತು. ಪೆಂಡಾಲಿನ ಬಾಗಿಲಲ್ಲೇ ಆಳೆತ್ತರದ ಬ್ಯಾನರು. ಅವಳ ಅಂಗಳ, ಅವಳ ಪೆಟ್ಟಿಗೆ, ಸೆಟ್ಲಿ ಹರವುತ್ತಿರುವ ಅವಳ ಕೈ, ಕೈಯಲ್ಲಿ ಅವಳ ಹಸಿರು ಬಳೆ. ತಲೆ ಇರುವ ಭಾಗ ಕತ್ತರಿಸಿತ್ತು, ಆ ಜಾಗದಲ್ಲಿ "ಇಲಾಖೆಯ ವಿನೂತನ ಉಪಕ್ರಮ" ಎಂದು ಬರೆದಿತ್ತು. ನೋಟಿಸಿಗೆ ಅಂಟಿಸಿದ ಫೋಟೋ ಇದೇ. ಅಲ್ಲಿ ಅದು ದುರ್ಬಳಕೆ, ಇಲ್ಲಿ ತಮ್ಮ ಸಾಧನೆ.

ಒಳಗೆ ಒಂದು ಮಾದರಿಯನ್ನೂ ಇಟ್ಟಿದ್ದಿರಿ. ಹೊಸ ಪೆಟ್ಟಿಗೆ, ಹೊಸ ಬಣ್ಣ, ಒಳಗೆ ಒಂದು ಸೇರು ಸೆಟ್ಲಿ. ಕೋಟು ಹಾಕಿದ ಒಬ್ಬರು ಸೀತಕ್ಕನಿಗೆ ಮೀನು ಒಣಗಿಸುವುದು ಹೇಗೆಂದು ವಿವರಿಸಿದರು. ಅವಳು ಕೊನೆಯವರೆಗೂ ತಲೆಯಾಡಿಸುತ್ತ ಕೇಳಿದಳು. ಆಮೇಲೆ ಬಗ್ಗಿ ಪೆಟ್ಟಿಗೆಯ ನಾಲ್ಕೂ ಬದಿ ಕೈಯಾಡಿಸಿ, "ತೂತ್ ಎಲ್ಲಿತ್ತ್ ಮಗಾ?" ಎಂದಳು.

"ತೂತು ಯಾಕಮ್ಮ? ಶಾಖ ಹೊರಗೆ ಹೋಗ್ತದೆ."

"ತೂತ್ ಇಲ್ದಿರೆ ಒಣ್ಗುದಿಲ್ಲೆ ಮಗಾ, ಬೇಯತ್ತ್. ಕಾಣ್ ಕಾಂಬ, ಗಾಜ್ ಬೆವ್ರ್ತಾ ಇತ್ತ್."

ಗಾಜು ಬೆವರುತ್ತಿತ್ತು. ವಾಸನೆಯೂ ಶುರುವಾಗಿತ್ತು. ರಂಧ್ರ ಕೊರೆಯುವುದು ಅಪರಾಧವೆಂದು ನೋಟಿಸಿನಲ್ಲಿ ಬರೆದ ಮೇಲೆ ಪ್ರದರ್ಶನದ ಪೆಟ್ಟಿಗೆಗೆ ಕೊರೆಯುವುದು ಹೇಗೆ, ಅಲ್ಲವೇ? ಕಳವು ಮಾಡಿದ್ದಕ್ಕೆ ನನ್ನ ತಕರಾರಿಲ್ಲ. ಕದಿಯುವವರು ಪೂರ್ತಿ ಕದಿಯಬೇಕಿತ್ತು.

ಈಗ ನನ್ನ ಪ್ರಶ್ನೆ. ಶುದ್ಧ ಇಂಧನ ಬಳಸಿ ಎಂದು ತಾವು ಬೇಡಿಕೊಳ್ಳುವುದು ಯಾರನ್ನು? ಮೀನು ಒಣಗಿಸುವ ಹೆಂಗಸರು ಬಿಸಿಲು ಬಿಟ್ಟು ಬೇರೇನನ್ನು ಉರಿಸಿದ್ದಾರೆ? ಈ ಆಕಾಶ ಕೆಟ್ಟದ್ದರಲ್ಲಿ ಸೀತಕ್ಕನ ಪಾಲು ಎಷ್ಟು, ಅದರಿಂದ ಅವಳಿಗೆ ಬಂದ ಪಾಲು ಎಷ್ಟು? ಮಳೆ ಕಾಲ ತಪ್ಪಿದರೆ ಮೊದಲು ಹಾಳಾಗುವುದು ಮರಳಿನ ಮೇಲೆ ಬದುಕು ಹರವಿ ಕೂತವಳದ್ದು. ಅಂಥವಳು ನಿಮ್ಮ ಎರಡನೇ ಹಂತಕ್ಕೆ ಕಾಯದೆ, ನಿಮ್ಮದೇ ಹಾಳು ಪೆಟ್ಟಿಗೆಯಿಂದ ತನ್ನ ದಾರಿ ತಾನು ಕಂಡುಕೊಂಡರೆ ಸರ್ಕಾರ ಅವಳ ಮನೆಗೆ ಬಂದು ಕಲಿಯಬೇಕಿತ್ತು. ನೀವು ಬಂದು ತೂತು ಎಣಿಸಿದಿರಿ. ನೀತಿ ಮಾಡುವವರಿಗೆ ಇಷ್ಟು ಸಣ್ಣ ಸಂಗತಿ ತಲೆಗೆ ಹೋಗದಿದ್ದರೆ ಹೊಳೆಯುವ ಕಾಗದದ ಪುಸ್ತಕ ಯಾರಿಗಾಗಿ?

ನೋಟಿಸಿಗೆ ನಾನು ಹೆದರುವವಳಲ್ಲ. ಎಸ್ಸೆಸ್ಸೆಲ್ಸಿ ಓದಿದ್ದೇನೆ, ಸಂಘದ ಕಾರ್ಯದರ್ಶಿಯಾಗಿ ಹತ್ತು ವರ್ಷ ನಿಮ್ಮಂಥ ಕಾಗದಗಳನ್ನು ನೋಡಿದ್ದೇನೆ. ಸೀತಕ್ಕ ಓದಿಲ್ಲ. ನಾನು ಓದಿ ಹೇಳಿದ ದಿನ ಸಂಜೆ ಹೋಗಿ ನೋಡಿದರೆ ಪೆಟ್ಟಿಗೆಯಿಂದ ಎಲ್ಲ ತೆಗೆದು, ಸೀಗೆಪುಡಿ ಹಾಕಿ ತಿಕ್ಕಿ ತೊಳೆಯುತ್ತಿದ್ದಳು. ಮೀನಿನ ವಾಸನೆ ಇದ್ದರೆ ಒಯ್ಯಲು ಬಂದವರು ಬೈದಾರೆಂದು ಅವಳ ಭಯ. ಅವತ್ತಿನಿಂದ ಅದರೊಳಗೆ ಒಂದು ಸೆಟ್ಲಿ ಇಟ್ಟಿಲ್ಲ. ಗಣಪ ಬೈದ, ನಾನು ಬೈದೆ. "ಬ್ಯಾಡ ಸರೋಜ, ಬರ್ದದ್ ಬರ್ದದ್ದೇ" ಎನ್ನುತ್ತಾಳೆ. ಉಳಿದ ಇಪ್ಪತ್ತೆರಡು ಮನೆಯವರೂ ತೂತು ಕೊರೆಸುವ ಯೋಚನೆ ಕೈಬಿಟ್ಟರು. ಮೊನ್ನೆ ಮೋಡವಾಗಿತ್ತು. ಅವಳು ಮತ್ತೆ ಮರಳಿನ ಮೇಲೆ ಹರವಿಕೊಂಡು, ಟರ್ಪಾಲು ಕಂಕುಳಲ್ಲಿಟ್ಟು, ಆಕಾಶ ನೋಡುತ್ತ ನಿಂತಿದ್ದಳು. ಅದನ್ನು ಕಂಡೇ ನಾನು ಪೆನ್ನು ಹಿಡಿದದ್ದು.

ಆದ್ದರಿಂದ ನನ್ನ ಬೇಡಿಕೆ ಚಿಕ್ಕದು. ಬ್ಯಾನರು ನಿಮ್ಮಲ್ಲೇ ಇರಲಿ, ಉಪಕ್ರಮವೂ ನಿಮ್ಮದೇ ಆಗಲಿ. ಮೂವತ್ತೊಂದಕ್ಕೆ ಮೊದಲು ನಿಮ್ಮ ಕಚೇರಿಯ ಕಾಗದದಲ್ಲಿ ಒಂದೇ ಸಾಲು ಬರೆದು ಕಳಿಸಿ: "ಸೀತು ಈ ಪೆಟ್ಟಿಗೆಯಲ್ಲಿ ಸೆಟ್ಲಿ ಒಣಗಿಸಬಹುದು." ಕೆಳಗೆ ದೊಡ್ಡದಾಗಿ ಮೊಹರು ಇರಲಿ. ನಾನು ಓದಿ ಹೇಳಿದರೆ ಅವಳು ನಂಬುವುದಿಲ್ಲ, ಮೊಹರು ಮುಟ್ಟಿ ನೋಡಬೇಕು. ಪೆಟ್ಟಿಗೆ ಸದ್ಯ ಚೊಕ್ಕವಾಗಿ, ಖಾಲಿಯಾಗಿ, ನಿಯಮಾನುಸಾರ ಬಿಸಿಲು ಕಾಯುತ್ತಿದೆ.

ಇಂತಿ,
ಅನಧಿಕೃತ ಮತ್ಸ್ಯ ಶುಷ್ಕೀಕರಣದಲ್ಲಿ ಮೂರು ತಲೆಮಾರಿನ ಅನುಭವವುಳ್ಳ,
ಸರೋಜ
ಕಾರ್ಯದರ್ಶಿ, ಒಣಮೀನು ಮಹಿಳೆಯರ ಸಂಘ, ಶಿರೂರು
೧೪ ಜನವರಿ ೨೦೧೫