ಹನ್ನೆರಡೂ ಜನ ಇದ್ದೀರೇನ್ರೋ?

ಮಾರ್ಚ್ ಎಂಟು, ಶನಿವಾರ
ಮಧ್ಯಾಹ್ನ ಮೂರು ಗಂಟೆ, ಶಾಲೆಯ ಲೈಬ್ರರಿ

ಪ್ರೀತಿಯ ಗಿಣಿ,

ನಿನ್ನ ಚಿಕ್ಕಮ್ಮನ ಮನೆಯಲ್ಲಿ ನೀವಿಬ್ಬರೂ ಆರಾಮಾಗಿದ್ದೀರಿ ಅಂದುಕೊಂಡಿದ್ದೇನೆ. ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯಲಿಲ್ಲ, ಕ್ಷಮಿಸು. ಓದುವುದಿತ್ತು ಎಂದು ಸುಳ್ಳು ಹೇಳುವುದಿಲ್ಲ. ಏನು ಬರೆಯಬೇಕೆಂದು ತೋಚಲಿಲ್ಲ, ಅಷ್ಟೆ. ಇವತ್ತು ಸಿಟ್ಟು ಬಂದಿದೆ, ಅದಕ್ಕೇ ಬರೆಯಲು ಆಗುತ್ತಿದೆ.

ನಿನ್ನೆ ನಮ್ಮ ತರಗತಿಯ ಬೀಳ್ಕೊಡುಗೆ ಆಯಿತು. ಅಲ್ಲಿ ಆಡಿದ್ದು ನಿನ್ನ ನಾಟಕ. ಅಕ್ಟೋಬರಿನಲ್ಲಿ ರೇಖಾಗಣಿತದ ನೋಟ್‌ಬುಕ್ಕಿನ ಕೊನೆಯ ಹಾಳೆಗಳಲ್ಲಿ, ಪಾಠ ನಡೆಯುತ್ತಿರುವಾಗಲೇ ಬರೆಯುತ್ತಿದ್ದೆಯಲ್ಲ, ಅದೇ. ನೀನು ಹೋದ ಮೇಲೂ ಆ ನೋಟ್‌ಬುಕ್ ನಮ್ಮ ಡೆಸ್ಕಿನೊಳಗೇ ಉಳಿದಿತ್ತು.

ಚೆನ್ನಾಗಿ ಬಂತು ಕಣೇ. ವಿಜ್ಞಾನದ ಮಿಸ್ ಆಗಿದ್ದವಳು ನಾನು. ಬೀರು ತೆಗೆದು, ಸೂಕ್ಷ್ಮದರ್ಶಕದ ಮೇಲಿನ ಧೂಳು ಊದಿ, "ನೋಡಿದ್ರಾ? ಸರಿ, ಯಾರೂ ಮುಟ್ಬೇಡಿ" ಎಂದು ಮತ್ತೆ ಬೀಗ ಹಾಕಿದಾಗ ನಿಜವಾದ ಮಿಸ್ಸೇ ಬಾಯಿ ಮುಚ್ಚಿಕೊಂಡು ನಕ್ಕರು. ಮೂರು ವರ್ಷದಲ್ಲಿ ನಾವು ಒಂದು ಸಲವೂ ಅದರೊಳಗೆ ಕಣ್ಣಿಟ್ಟು ನೋಡಿಲ್ಲ. ಅವರಿಗೆ ಅದೂ ನಗುವ ವಿಷಯ!

ಹೆಡ್‌ಮಾಸ್ಟರ್ ಪಾತ್ರ ಉದ್ದಣ್ಣನದು. ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಮೇಜಿನ ಮೇಲೆಲ್ಲ ಅದನ್ನೇ ಹುಡುಕಿದ. ಮುಂದಿನ ಸಾಲಿನಲ್ಲಿ ಕೂತಿದ್ದ ಹೆಡ್‌ಮಾಸ್ಟರ್ ಮೆಲ್ಲಗೆ ತಮ್ಮ ಹಣೆ ಮುಟ್ಟಿ ನೋಡಿಕೊಂಡರು. ಅವರದೂ ಅಲ್ಲೇ ಇತ್ತು. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಆಮೇಲೆ ಹೆಡ್‌ಮಾಸ್ಟರ್ ಯಾವಾಗಲೂ ಹೇಳುವ ಆ ಮಾತು ಬಂತು. ನೀನು ಬರೆದದ್ದನ್ನು ಉದ್ದಣ್ಣ ಒಂದಕ್ಷರ ಬಿಡದೆ ಬಾಯಿಪಾಠ ಮಾಡಿದ್ದ. "ಹನ್ನೆರಡೂ ಜನ ಇದ್ದೀರೇನ್ರೋ? ಒಂದು ತಲೆ ಕಮ್ಮಿಯಾದ್ರೂ ನಂಗೆ ಊಟ ಸೇರಲ್ಲ!" ಅಂದ. ಅಂದವನೇ ಕಲ್ಲಿನ ಹಾಗೆ ನಿಂತುಬಿಟ್ಟ. ನೀನು ಬರೆಯುವಾಗ ನಾವು ಹನ್ನೆರಡು ಜನ. ಅದನ್ನು ತಿದ್ದಬೇಕೆಂದು ನಮಗ್ಯಾರಿಗೂ ಹೊಳೆದಿರಲಿಲ್ಲ.

ಹೆಡ್‌ಮಾಸ್ಟರ್ ಏನು ಮಾಡಿದರು ಗೊತ್ತೇ? ಕೂತಲ್ಲಿಂದಲೇ ಕೂಗಿದರು: "ಹನ್ನೊಂದು ಕಣೋ! ನೀನೂ ಲೆಕ್ಕದಲ್ಲಿ ವೀಕಾ?" ಮತ್ತೆ ನಗು. ಲೆಕ್ಕದಲ್ಲಿ ವೀಕಾಗಿದ್ದ ಇನ್ನೊಬ್ಬರು ಯಾರೆಂದು ಆ ಹಾಲಿನಲ್ಲಿ ಪ್ರತಿಯೊಬ್ಬರಿಗೂ ಗೊತ್ತಿತ್ತು.

ನವೆಂಬರಿನಲ್ಲಿ ನಾವಿಬ್ಬರೂ ಅವರ ಕೋಣೆಯ ಬಾಗಿಲಾಚೆ ನಿಂತು ಕೇಳಿದ್ದನ್ನು ನಾನು ಮರೆತಿಲ್ಲ. "ನೋಡಮ್ಮಾ, ನಿನ್ನ ಮಗಳು ಲೆಕ್ಕದಲ್ಲಿ ಪಾಸಾಗೋದು ಕಷ್ಟ. ಟಿ.ಸಿ. ತಗೊಂಡು ಖಾಸಗಿಯಾಗಿ ಪರೀಕ್ಷೆ ಕಟ್ಲಿ. ಒಬ್ಬಳಿಗೋಸ್ಕರ ನಮ್ಮ ರಿಸಲ್ಟ್ ಯಾಕೆ ಹಾಳಾಗ್ಬೇಕು?" ನಿನ್ನಮ್ಮ "ಆಯ್ತು ಸಾರ್" ಅಂದರು. ಒಂದು ತಲೆ ಕಮ್ಮಿಯಾಯಿತು. ಅವತ್ತು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಅವರು ಡಬ್ಬಿ ಬಿಚ್ಚಿ ಊಟ ಮಾಡುತ್ತಿದ್ದುದನ್ನು ನಾನೇ ನೋಡಿದೆ. ಚೆನ್ನಾಗಿಯೇ ಸೇರುತ್ತಿತ್ತು.

ಗೇಟಿನ ಮೇಲಿನ ಫಲಕದಲ್ಲಿ "ಸತತ ಒಂಬತ್ತು ವರ್ಷ ನೂರಕ್ಕೆ ನೂರು" ಎಂದಿತ್ತಲ್ಲ, ಆ ಒಂಬತ್ತರ ಮೇಲೆ ಈಗಾಗಲೇ ಬಿಳಿ ಬಣ್ಣ ಬಳಿಸಿದ್ದಾರೆ. ನಾವಿನ್ನೂ ಪರೀಕ್ಷೆಯನ್ನೇ ಬರೆದಿಲ್ಲ!

ನಾಟಕ ಮುಗಿದ ಮೇಲೆ ಹೆಡ್‌ಮಾಸ್ಟರ್ ವೇದಿಕೆ ಹತ್ತಿ ಕಣ್ಣೊರೆಸಿಕೊಂಡರು. ನಕ್ಕು ನಕ್ಕು ನೀರು ಬಂದಿತ್ತು. "ಮೂವತ್ತು ವರ್ಷದ ಸರ್ವೀಸಲ್ಲಿ ಇಂಥದ್ದು ನೋಡಿಲ್ಲ. ಯಾರ್ರೋ ಬರೆದಿದ್ದು? ಇಂಥ ತಲೆ ಇರೋರು ಎಲ್ಲಿಗೋ ಹೋಗ್ತಾರೆ!" ಅಂದರು. ನಿನ್ನ ಹೆಸರು ಹೇಳಲು ಹನ್ನೊಂದು ಬಾಯಿಗಳಿದ್ದವು. ಒಂದೂ ತೆರೆಯಲಿಲ್ಲ.

ಸೈಕಲ್ ಸ್ಟ್ಯಾಂಡಿನಲ್ಲಿ ಉದ್ದಣ್ಣನನ್ನು ಹಿಡಿದು ಬೈದೆ. "ಅಷ್ಟುದ್ದ ಬೆಳೆದಿದ್ದೀಯಲ್ಲೋ, ಯಾಕೋ ಬಾಯಿ ಬಿಡ್ಲಿಲ್ಲ?"

"ಹಾಲ್‌ಟಿಕೆಟ್ ಇನ್ನೂ ಅವರ ಡ್ರಾಯರಲ್ಲಿದೆ ಕಣೇ ಡಿಕ್ಷನರಿ," ಅಂದ. "ಅಷ್ಟೊಂದು ಪದ ಗೊತ್ತಲ್ಲ ನಿಂಗೆ, ನೀನ್ಯಾಕೆ ಬಿಡ್ಲಿಲ್ಲ?"

ಇರಲಿ. ಚಿಕ್ಕಮ್ಮನಿಗೆ ನನ್ನ ನಮಸ್ಕಾರ ಹೇಳು. ಪರೀಕ್ಷೆ ಮುಗಿಯುವವರೆಗೆ, ನೀನು ಕಾಗದದಲ್ಲಿ ಬರೆದಿದ್ದ ಆ ಹೊಲಿಗೆ ಕೆಲಸ ಬದಿಗಿಟ್ಟು ಲೆಕ್ಕ ಮಾಡು. ನೀನು ಪಾಸಾಗಬೇಕು, ಗಿಣಿ. ಆಗೇ ಆಗುತ್ತೀಯ.

ಇಂತಿ ನಿನ್ನ,
ಡಿಕ್ಷನರಿ

ತಾ.ಕ.: ಉದ್ದಣ್ಣನ ಪ್ರಶ್ನೆಗೆ ನಾನು ಉತ್ತರ ಕೊಡಲಿಲ್ಲ. ನಿನಗೆ ಕೊಡಲೇಬೇಕು. ಯಾರೂ ಮಾತಾಡದಿದ್ದಾಗ ಹೆಡ್‌ಮಾಸ್ಟರ್ ನನ್ನ ಕಡೆ ತಿರುಗಿ, "ಇವಳೇ ಇರ್ಬೇಕು, ಯಾವಾಗ್ಲೂ ಪುಸ್ತಕದಲ್ಲೇ ಮುಳುಗಿರ್ತಾಳೆ" ಅಂದರು. ನಾನು ಅಲ್ಲ ಅನ್ನಲಿಲ್ಲ. ತಲೆ ತಗ್ಗಿಸಿದೆ. ಅವರು ಅದನ್ನು ಸಂಕೋಚ ಎಂದುಕೊಂಡು, ತಮ್ಮ ಜೇಬಿನ ಪೆನ್ನು ತೆಗೆದು ನನ್ನ ಕೈಗಿಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ಈ ಕಾಗದ ಬರೆದಿರುವುದು ಆ ಪೆನ್ನಿನಲ್ಲೇ. ನನ್ನ ಪೆನ್ನೂ ಚೀಲದಲ್ಲಿತ್ತು.

ಸೋಮವಾರ ಮೊದಲ ಗಂಟೆ ಹೊಡೆಯುವ ಮುಂಚೆ ಅವರ ಕೋಣೆಗೆ ಹೋಗಿ, ಈ ಪೆನ್ನನ್ನೂ ನಿನ್ನ ನೋಟ್‌ಬುಕ್ಕನ್ನೂ ಮೇಜಿನ ಮೇಲಿಟ್ಟು, ನಿನ್ನ ಹೆಸರು ಹೇಳುತ್ತೇನೆ. ಅವರು ಹಾಲ್‌ಟಿಕೆಟ್ ಕೊಡುವುದು ಅದಾದ ಮೇಲೆ, ಹತ್ತೂವರೆಗೆ.