ಇನ್ನೂರಹನ್ನೆರಡು ಬೇಡ

ಜನವರಿ 12, ಸೋಮವಾರ

ಮತ್ತೆ ಫೇಲ್. ಎರಡು ಮೀಟರ್ ಕೇಬಲ್, 212 ರೇಟು... ಆ ತುದಿ ಮುಟ್ಟೋಷ್ಟರಲ್ಲಿ ಸಿಗ್ನಲ್ ಕಲಸಿಹೋಗಿರುತ್ತೆ. ಹದಿನಾಲ್ಕು ಕೇಬಲ್ ಹಾಕಿ ನೋಡಿದ್ವಿ, ಹನ್ನೊಂದು ಮಲಗಿದ್ವು. 170ರಲ್ಲಿ ಹದಿನಾಲ್ಕೂ ಪಾಸ್.

ಬೆಟ್ಟಸ್ವಾಮಿ, ನಮ್ಮ ಲ್ಯಾಬ್ ಟೆಕ್ನಿಷಿಯನ್ನು, ದಿನಾ ತಮ್ಮೂರು ಕಡಬದಿಂದ ಲ್ಯಾಬಿರೋ ವಸಂತನರಸಾಪುರಕ್ಕೆ ಬೈಕಲ್ಲಿ ಬರೋರು. "ಬುಡಿ ಮೇಡಂ ಅತ್ಲಾಗೆ, ಅದು ಆಗಾಕಿಲ್ಲ" ಅಂದ್ರು.

ಬಿಡಲ್ಲ. ಟೆಸ್ಟಿನ ಗ್ರಾಫನ್ನ ಸ್ಟ್ಯಾಂಡರ್ಡ್ ಸಮಿತಿಗೆ ಕಳಿಸಿದೆ, ನಾನೂ ಅದರಲ್ಲಿ ಮೆಂಬರು. ಅಲ್ಲಿ ಒಂದು ವರ್ಷದಿಂದ ಇದೇ ಜಗಳ — ಮುಂದಿನ ನೆಟ್‌ವರ್ಕ್ ಸ್ಟ್ಯಾಂಡರ್ಡ್‌ಗೆ ಯಾವ ರೇಟು? ಸೆಕೆಂಡಿಗೆ 212 ಶತಕೋಟಿ ಸಲ ಸಿಗ್ನಲ್ ಬದಲಾಯಿಸೋದಾ, 170 ಸಾಕಾ? 170 ಅಂದ್ರೆ ಒಂದೊಂದು ಸಲಕ್ಕೂ ಜಾಸ್ತಿ ಡೇಟಾ ಹೊರಿಸ್ಬೇಕು. ಕಷ್ಟಾನೇ. ಆದ್ರೆ ತಲುಪುತ್ತಲ್ಲ!

ಜನವರಿ 29, ಗುರುವಾರ. ಕುಣಿಗಲ್

ತಂಗಿ ರೂಬಿ ನಿಕಾಹ್. ನಾನು ಶಾದಿಮಹಲ್ ಹೊರಗೆ ಕಾರಲ್ಲಿ, ತೊಡೆ ಮೇಲೆ ಲ್ಯಾಪ್‌ಟಾಪು. ಈ ಸಮಿತಿ ಮೀಟಿಂಗ್ ತಪ್ಪಿಸಿದ್ರೆ ಓಟಿನ ಹಕ್ಕು ಹೋಗುತ್ತೆ. ಅಮ್ಮಿ ಬಂದು ಗಾಜು ತಟ್ಟಿದ್ರು.

"ಹುಡುಗಿ ಅಕ್ಕ ನೀನು. ಇಲ್ಲಿ ಯಾರ್ ಜೊತೆ ಜಗಳ?"

"ತಂತಿ ವಿಷ್ಯ ಅಮ್ಮಿ."

"ತಂತಿಗೆ ಇಷ್ಟು ಕಿರುಚ್ತಾರಾ?" ಬಿರಿಯಾನಿ ತಟ್ಟೆ ಕೈಗಿಟ್ಟು ಹೋದ್ರು.

212 ಪರ ಒಬ್ಬ ಮಹಾಶಯ — ಕೇಬಲ್ ಒಂದೇ ಮೀಟರ್ ಮಾಡಿಬಿಡಿ, ಸರಿಹೋಗುತ್ತೆ ಅಂದ. ಸರ್ವರ್ ಜೋಡಿಸೋ ರ‍್ಯಾಕೇ ಎರಡು ಮೀಟರ್ ಎತ್ತರ ಇದೆ, ಅದನ್ನೂ ಕುಯ್ತೀರಾ ಅಂತ ಕೇಳ್ದೆ. ನಕ್ರು.

ಫೆಬ್ರವರಿ 9, ಸೋಮವಾರ

ಬಸವರಾಜ್ ಸರ್ ಕ್ಯಾಬಿನ್ನಿಗೆ ಕರೆದ್ರು. ಲ್ಯಾಬಿಗೆಲ್ಲ ಬಾಸು. 212 ಚಿಪ್ ಬರುತ್ತೆ ಅಂತ ಕಂಪನಿ ಆಗ್ಲೇ ಡಂಗುರ ಸಾರಿದೆ.

"ಗ್ರಾಫ್ ವಾಪಸ್ ತಗೊಳಮ್ಮ. ಗುರುವಾರ ಕಂಪನಿ ಓಟು 212ಕ್ಕೆ."

"ಕಂಪನಿಗೆ ಓಟಿಲ್ಲ ಸರ್. ಸಮಿತಿ ರೂಲೇ ಹಂಗೆ, ಓಟು ಆಳಿಗೊಂದು. ನಂದು ನಂದೇ."

"ಸಂಬಳ ಯಾರ್ ಕೊಡೋದು ಅರ್ಶಿಯಾ?"

"ಟೆಸ್ಟ್ ಮಾಡಿದ್ದಕ್ಕೆ ತಾನೆ ಸರ್ ಸಂಬಳ? ಟೆಸ್ಟ್ ಮಾಡಿದೀನಿ."

ಮುಖ ಕೆಂಪಗಾಯ್ತು. "ಓಟೇ ಹಾಕ್ಬೇಡ ಹಂಗಾದ್ರೆ. ವಿರೋಧ ಒತ್ತಿದ್ಯೋ, ಶುಕ್ರವಾರದಿಂದ ಬರೋದ್ ಬೇಡ."

ಹೊರಗೆ ಬಂದಾಗ ಭಯ ಆಯ್ತು, ಇಲ್ಲಿ ಸುಳ್ಳು ಯಾಕ್ ಬರೀಲಿ. ಎಂಟು ವರ್ಷ ಜೀವ ತೇಯ್ದಿರೋ ಲ್ಯಾಬು. ಮಧ್ಯಾಹ್ನ ಊಟ ಸೇರ್ಲಿಲ್ಲ... ಸಂಜೆ ಹೊತ್ತಿಗೆ ಬರೀ ಸಿಟ್ಟು. ಮನೇಲಿ ಉರ್ದು, ಮೀಟಿಂಗಲ್ಲಿ ಇಂಗ್ಲಿಷು, ಬೈಯೋಕೆ ಮಾತ್ರ ಕನ್ನಡವೇ ಬೇಕು ನಂಗೆ. ಹೋಗಯ್ಯಾ, ಕಂಡಿದೀನಿ!

ಫೆಬ್ರವರಿ 12, ಗುರುವಾರ. ಬೆಳಗ್ಗೆ 8.10, ಲ್ಯಾಬು

ಓಟಿಗೆ ಬಿಟ್ರು. 212 ಒಪ್ಪಬೇಕಾ? ಬಿದ್ದ ಓಟಲ್ಲಿ ನೂರಕ್ಕೆ ಎಪ್ಪತ್ತೈದು ಬಂದ್ರೆ ಪಾಸ್. ಬಸವರಾಜ್ ಸರ್ ಕ್ಯಾಬಿನ್ನಿಂದಲೇ ನೋಡ್ತಿದಾರೆ, ಕ್ಯಾಮೆರಾ ಆಫ್.

ಒತ್ತಿದೆ. ವಿರೋಧ.

8.25

ಪರ 62. ವಿರೋಧ 21. ನೂರಕ್ಕೆ 74.7.

212 ಬಿತ್ತು!

ಮತ್ತೆ ಲೆಕ್ಕ ಹಾಕ್ದೆ. ನಾನು ಸುಮ್ನಿದ್ದಿದ್ರೆ 62ಕ್ಕೆ 20. ಪಾಸಾಗ್ತಿತ್ತು. ಯಾ ಅಲ್ಲಾ, ಒಂದೇ ಒಂದು ಓಟು ಕಣೇ. ನಿಂದೇ.

ಯಾರ್ ಯಾವ್ದು ಒತ್ತಿದ್ರು ಅನ್ನೋ ಪಟ್ಟಿ ಎಲ್ರ ಸ್ಕ್ರೀನಲ್ಲೂ ಬಂತು. ಕ್ಯಾಬಿನ್ ಬಾಗಿಲು ಧಡಾರ್ ಅಂತು. ಬರ್ತಿದಾರೆ. ಬರ್ಲಿ. ಬೆಟ್ಟಸ್ವಾಮಿ ಕರೀದೇನೇ ಬಂದು ನನ್ ಕುರ್ಚಿ ಪಕ್ಕ ನಿಂತ್ರು. ನಾನು ಏಳಲ್ಲ. ಕೂತೇ ಹೇಳ್ತೀನಿ — ಹೌದು ಸರ್, ಒತ್ತಿದ್ದು ನಾನೇ, ನಾಳೆ ಇನ್ನೊಂದ್ ಸಲ ಕೇಳಿದ್ರೂ ಅದನ್ನೇ ಒತ್ತೋದು.